ಆಯಿಯ ಪಡಸಾಲೆಯಲ್ಲಿ ಬೆಳೆದ ಮಕ್ಕಳು

ನಮ್ಮ ಮನೆ ಮಾಲಕಿ ಆಯಿಯ ಸೀರೆಗಳೆಲ್ಲ ಮೊದಲು ಸವೆಯುತ್ತಿದ್ದದ್ದು ಎಡ ಸೊಂಟದ ಹತ್ತಿರ. ಸೆರಗು ಗಟ್ಟಿ ಇರುತ್ತಿತ್ತು, ದಡಿಯ ಬಣ್ಣ ಮಾಸಿರುತ್ತಿರಲಿಲ್ಲ, ಆದರೆ ಸೊಂಟದ ಮೇಲೆ ಅಂಗೈಯಗಲ ಜಾಗ ತೆಳ್ಳಗಾಗಿ ನೂಲಷ್ಟೇ ಉಳಿದಿರುತ್ತಿತ್ತು. ಅಲ್ಲಿ ಯಾವಾಗಲೂ ಒಂದು ಕೂಸು ಕೂತಿರುತ್ತಿತ್ತು. ಅದು ಆಕೆಯ ಮನೆಯ ಕೂಸಲ್ಲ. ಆಕೆಯ ಮಗ ಆಗಲೇ ಮೀಸೆ ಬಂದು ಮಗ್ಗದ ಮೇಲೆ ಕೂತಿದ್ದ. ಮಗಳನ್ನು ಶಿರೂರಿಗೆ ಕೊಟ್ಟಿದ್ದರು. ಸೊಂಟದ ಮೇಲಿನ ಕೂಸು ಓಣಿಯಲ್ಲಿ ಯಾರದಾದರೂ ಇರುತ್ತಿತ್ತು. ಒಂದು ಇಳಿದರೆ ಇನ್ನೊಂದು ಏರುತ್ತಿತ್ತು.

ನಾನು ಇಳಕಲ್ಲಿನ ಆ ಮನೆಗೆ ಹೋದದ್ದು ಎಪ್ಪತ್ತರ ದಶಕದ ನಡುವೆ. ಯಜಮಾನರು ಹುನಗುಂದದ ಕೋರ್ಟಿನಲ್ಲಿ ಕಾರಕೂನರು. ಅಲ್ಲಿ ಸರಿಯಾದ ಮನೆ ಸಿಗದೆ ಇಳಕಲ್ಲಿನಲ್ಲಿ ಎರಡು ಖೋಲಿ ಹಿಡಿದು, ಮುಂಜಾನೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ನನ್ನ ತವರು ಬಾಗಲಕೋಟೆ. ಮದುವೆಯಾದ ಮರುವರ್ಷವೇ ನನ್ನ ತಾಯಿ ತೀರಿಕೊಂಡಿದ್ದಳು. ಬಾಣಂತನ ಅಣ್ಣನ ಮನೆಯಲ್ಲಿ ಹೇಗೋ ಮುಗಿಯಿತು. ಅತ್ತೆ ಬಾದಾಮಿಯಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಹೀಗೆ ಎರಡೂ ಕಡೆ ಯಾರೂ ಇಲ್ಲದವಳು ನಾನು, ಎಳೆಯ ಮಗಳನ್ನು ಎತ್ತಿಕೊಂಡು ಗುರುತಿಲ್ಲದ ಊರಿನಲ್ಲಿ ಇಳಿದಿದ್ದೆ.

ಸಾಮಾನು ಇಳಿಸುವಾಗ ಆಯಿ ಬಂದಳು. ಬಂದವಳು ಮಾತಿಲ್ಲದೆ ಖೋಲಿಯ ನೆಲದ ಮೇಲೆ ಕೂತು, ಹಾಗೇ ಸರಿಯುತ್ತ ಸರಿಯುತ್ತ ಗೋಡೆಗುಂಟ ಒಂದು ಸುತ್ತು ಹಾಕಿದಳು. ಯಜಮಾನರು ಟ್ರಂಕು ಕೆಳಗಿಟ್ಟು, "ಆಯಿ, ಏನರೆ ಕಳಕೊಂಡೀರೇನು?" ಎಂದು ಕೇಳಿದರು.

"ಏನೂ ಇಲ್ರಿ ರಾಯರ. ಕೂಸು ಹರಿದಾಡಾಕ ಹತ್ತಿದ್ರ ಅದಕ್ಕ ಏನೇನು ಕೈಗೆ ಸಿಗತೈತಿ ಅಂತ ನೋಡಾಕತ್ತೇನಿ. ನಿಂತು ನೋಡಿದ್ರ ನಮಗ ಕಾಣಂಗಿಲ್ಲ."

"ಇದಿನ್ನೂ ಮಗ್ಗಲಾ ಸೈತ ಹೊರಳಿಲ್ರಿ" ಎಂದೆ ನಾನು.

"ಹೊರಳೂ ಮುಂದ ನಿನ್ನ ಕೇಳಿ ಹೊರಳತೈತೇನು ತಂಗಿ?" ಎಂದು ಆಯಿ ಗೋಡೆಯ ಕೆಳಗಿನ ಗೂಡಿನಲ್ಲಿ ನಾನು ಆಗಷ್ಟೇ ಇಟ್ಟ ಚಿಮಣಿ ಎಣ್ಣೆಯ ಬಾಟಲಿ ತೆಗೆದು ಮೇಲಿನ ಗೂಡಿಗೆ ಇಟ್ಟಳು. ಸ್ಟೋ ನೆಲದ ಮೇಲೆ ಬೇಡ, ಕಟ್ಟೆಯ ಮೇಲಿರಲಿ ಎಂದಳು. ನೀರು ಕಾಯಿಸುವ ಹಂಡೆಯ ಮುಂದೆ ಎರಡು ಕಲ್ಲು ತಂದು ಅಡ್ಡ ಇಟ್ಟಳು. ನಮ್ಮ ಖೋಲಿಗೂ ಅವರ ಮಗ್ಗದ ಖೋಲಿಗೂ ನಡುವೆ ಒಂದು ಬಾಗಿಲಿತ್ತು. ಅದರಾಚೆ ಮಗ್ಗದ ಕುಣಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂಡುತ್ತಾರೆ. ದೊಡ್ಡವರಿಗೆ ಸೊಂಟದಾಳ, ಕೂಸಿಗೆ ಬಾವಿ. ಆ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಬಡಿಯಲು ಮಗನಿಗೆ ಹೇಳಿದಳು. "ದಿನಾ ದಾಟಿ ದಾಟಿ ನನ್ನ ಕಾಲು ಹೋಗತಾವು" ಎಂದು ಅವನು ಗೊಣಗಿದ. ಆದರೂ ಅದೇ ದಿನ ಬಡಿದ.

ಆಯಿಗೆ ಇನ್ನೊಂದು ರೂಢಿ ಇತ್ತು. ಓಣಿಯ ಯಾವುದಾದರೂ ಮನೆಯಲ್ಲಿ ಮಗುವನ್ನು ಹೊಡೆಯುವ ಸಪ್ಪಳ ಕೇಳಿದರೆ, ತಾಯಿಯೊಬ್ಬಳು ದನಿ ಹರಿಯುವಂತೆ ಒದರುವುದು ಕೇಳಿದರೆ, ಕೈಯಲ್ಲಿನ ಕೆಲಸ ಬಿಟ್ಟು ನೆಟ್ಟಗೆ ಆ ಮನೆಗೆ ಹೋಗುತ್ತಿದ್ದಳು. ಯಾಕೆ ಹೊಡೆಯುತ್ತೀ ಎಂದು ಕೇಳುತ್ತಿರಲಿಲ್ಲ. ಬುದ್ಧಿ ಹೇಳುತ್ತಿರಲಿಲ್ಲ. ಹೊಸ್ತಿಲೊಳಗೆ ಕೂತು, "ಒಂದು ಚರಿಗಿ ನೀರು ಕೊಡವಾ, ಬಿಸಲಾಗ ಬಂದೇನಿ" ಎನ್ನುತ್ತಿದ್ದಳು. ಎರಡು ಮನೆಯಾಚೆಯಿಂದ ಬಂದವಳಿಗೆ ಎಂಥ ಬಿಸಿಲು ಎಂದು ಯಾರೂ ಕೇಳುತ್ತಿರಲಿಲ್ಲ. ನೀರು ತರಲು ಒಳಗೆ ಹೋದವರು ಬರುವಷ್ಟರಲ್ಲಿ ಕೂಸು ಆಕೆಯ ತೊಡೆಯ ಮೇಲಿರುತ್ತಿತ್ತು. ನೀರು ಕುಡಿದು, ಮಳೆ, ನೂಲಿನ ದರ, ಹೊಟ್ಟೆನೋವು ಹೀಗೆ ಏನಾದರೂ ಮಾತಾಡಿ, ಮನೆಯವರ ಉಸಿರು ಸಮನಾದ ಮೇಲೆ ಎದ್ದು ಬರುತ್ತಿದ್ದಳು. ಒಮ್ಮೆ ನಾನು ಇದರ ಬಗ್ಗೆ ಕೇಳಿದಾಗ, "ಸಿಟ್ಟಿನ್ಯಾಗ ಇದ್ದವರಿಗೆ ಮಾತು ಕೇಳಂಗಿಲ್ಲ ತಂಗಿ. ಮನ್ಯಾಗ ಇನ್ನೊಬ್ಬರು ಬಂದು ಕುಂತಾರ ಅನ್ನೂದು ಕಾಣತೈತಿ. ಅಷ್ಟರ ಮ್ಯಾಲ ಕೈ ತಾನ ಇಳೀತೈತಿ" ಎಂದಳು.

ಇನ್ನು ನನ್ನ ಮಾತು ಹೇಳಬೇಕು.

ಮಗಳು ಸಂಜೆಯಾದರೆ ಅಳಲು ಶುರು ಮಾಡುತ್ತಿದ್ದಳು. ಮೊದಮೊದಲು ಸಂಜೆಯಷ್ಟೇ, ಬರಬರುತ್ತ ಹಗಲೆಲ್ಲ. ಬಜೆ ತೇಯ್ದು ನೆಕ್ಕಿಸಿದೆ, ಓಮಿನ ನೀರು ಕುಡಿಸಿದೆ, ಹೊಟ್ಟೆಗೆ ಎಣ್ಣೆ ತಿಕ್ಕಿದೆ. ಏನು ಮಾಡಿದರೂ ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದಳು. ನಿದ್ದೆ ಇಲ್ಲದೆ ನನಗೆ ಗೋಡೆ ಸರಿದಂತೆ ಕಾಣುತ್ತಿತ್ತು. ಅನ್ನಕ್ಕೆ ಇಟ್ಟಿದ್ದು ಸೀದು ವಾಸನೆ ಬಂದ ಮೇಲೆಯೇ ಎಚ್ಚರ. ಯಜಮಾನರು ಕೆಟ್ಟವರಲ್ಲ, ಆದರೆ ಅವರಿಗೆ ತಿಳಿಯುತ್ತಿರಲಿಲ್ಲ. "ಎಲ್ಲಾರ ಮಕ್ಕಳೂ ಅಳತಾವ" ಎಂದು ಬಸ್ಸಿಗೆ ಹೊರಡುತ್ತಿದ್ದರು. ನಾನು ತಲೆ ಬಾಚಿಕೊಳ್ಳುವುದನ್ನು ಬಿಟ್ಟಿದ್ದೆ. ಯಾರಾದರೂ ಕೂಸು ಮುದ್ದಾಗಿದೆ ಎಂದರೆ ಅವರು ಬೇರೆ ಯಾರದೋ ಕೂಸಿನ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅಳು ನಿಲ್ಲಲೇ ಇಲ್ಲ. ಎತ್ತಿ ಅಡ್ಡಾಡಿಸುತ್ತಿದ್ದವಳ ಕೈ ಇದ್ದಕ್ಕಿದ್ದಂತೆ ಬಿಗಿಯಾಯಿತು. ಇದನ್ನು ಜೋರಾಗಿ ಅಲುಗಾಡಿಸಿದರೆ ಸುಮ್ಮನಾಗುತ್ತದೆ ಎಂಬ ವಿಚಾರ ಎಲ್ಲಿಂದಲೋ ಬಂತು. ಅದರ ಹಿಂದೆಯೇ ಅಂಜಿಕೆ ಬಂತು. ಮಗಳನ್ನು ನಡು ಖೋಲಿಯ ಚಾಪೆಯ ಮೇಲೆ ಮಲಗಿಸಿ, ಬಾಗಿಲು ಮುಂದೆ ಮಾಡಿ, ಹಿತ್ತಲಿಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಆಯಿ ಹಿತ್ತಲಲ್ಲಿ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತುತ್ತಿದ್ದಳು. ನನ್ನನ್ನು ನೋಡಿ ರಾಟಿ ನಿಲ್ಲಿಸಿದಳು.

"ಕೂಸು ಎಲ್ಲೈತಿ?"

"ಒಳಗ ಅದ. ಚಾಪಿ ಮ್ಯಾಲೆ."

"ಸುತ್ತ ಏನೂ ಇಲ್ಲಲ್ಲ?"

"ಏನೂ ಇಲ್ಲ." ಆಮೇಲೆ ನನ್ನ ಬಾಯಿಂದ ಮಾತು ತಾನೇ ಬಂತು. "ಆಯಿ, ನಾ ಅದಕ್ಕ ಏನರೆ ಮಾಡಿಬಿಡತಿದ್ದೆ. ನನ್ನ ಕೈ ನನ್ನ ಮಾತು ಕೇಳವಲ್ದಾಗಿತ್ತು. ನಾ ಎಂಥಾ ತಾಯಿ ಇದ್ದೇನೋ ಏನೋ."

ಆಯಿ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಒಳಗಿನಿಂದ ಅಳು ಕೇಳುತ್ತಲೇ ಇತ್ತು. ಆಕೆ ಗಡಿಬಿಡಿ ಮಾಡಲಿಲ್ಲ.

"ಮಾಡಲಿಲ್ಲಲ್ಲ? ಕೆಳಗ ಇಟ್ಟು ಹೊರಗ ಬಂದಿ. ಮಾಡಬೇಕಾದ್ದು ಅಷ್ಟ. ಇನ್ನ ಮ್ಯಾಲೂ ಕೈ ಹಂಗಾದ್ರ ಹಿಂಗ ಮಾಡು. ಅತ್ತರ ಕೂಸಿಗೆ ಏನೂ ಆಗಂಗಿಲ್ಲ. ಅಳು ಅಂದ್ರ ಅದಕ್ಕ ಉಸರು ಚಲೋ ಐತಿ ಅಂತ ತಿಳಕೋ. ಇಟ್ಟು ಬಂದು ನನ್ನ ಕರಿ. ನಾ ಇರದಿದ್ರ ಎದುರಿನ ಮನಿಯಕಿನ್ನ ಕರಿ. ಕರಿಯೂದಕ್ಕ ನಾಚಬ್ಯಾಡ."

ನಾನು ಅಳುತ್ತಿದ್ದೆ. ಆಯಿ ನನ್ನ ಬೆನ್ನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕೂತು, ಒಳಗೆ ಹೋಗಿ ಮಗಳನ್ನು ಎತ್ತಿಕೊಂಡು ಬಂದಳು. "ಈಗ ನೀ ಹೋಗಿ ಮಲಕೋ. ಕೂಸಿಗೆ ಹಸಿವಾದ್ರ ನಾನ ಎಬ್ಬಸ್ತೇನಿ" ಎಂದಳು. ನಾನು ಅವರ ಪಡಸಾಲೆಯಲ್ಲೇ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಎದ್ದಾಗ ಬಿಸಿಲು ಇಳಿದಿತ್ತು. ಮಗಳು ಆಯಿಯ ಸೊಂಟದ ಮೇಲೆ ಕೂತು ಮಗ್ಗದ ಸಪ್ಪಳಕ್ಕೆ ಕಣ್ಣು ಬಿಟ್ಟು ನೋಡುತ್ತಿದ್ದಳು.

ಸಂಜೆ ಯಜಮಾನರು ಬಸ್ಸಿಳಿದು ಬಂದಾಗ ಆಯಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ನಾನು ಒಳಗಿನಿಂದ ಕೇಳಿಸಿಕೊಂಡೆ.

"ರಾಯರ, ನಿಮ್ಮ ಮನಿಯವರಿಗೆ ಜಡ್ಡಾಗೈತಿ."

"ಜ್ವರ ಏನು?"

"ಜ್ವರಾ ಬಂದ್ರ ಕೈ ಮುಟ್ಟಿ ನೋಡಬಹುದಿತ್ತು. ಇದು ಕಾಣಂಗಿಲ್ಲ. ನಿದ್ದಿ ಇಲ್ಲದ, ಮಾತಾಡಾಕ ಯಾರೂ ಇಲ್ಲದ ಬರತೈತಿ. ನಾಳಿ ಆಕಿನ್ನ ಡಾಕ್ಟರಬಾಯಾರ ಕಡೆ ಕರಕೊಂಡು ಹೋಗ್ತೇನಿ. ನೀವು ಒಂದು ಕೆಲಸ ಮಾಡ್ರಿ. ದಿನಾ ಬಸ್ಸು ಇಳಿದು ಬಂದ ಕೂಡ್ಲೆ, ಚಾ ಕುಡಿಯೂಕಿಂತ ಮುಂಚೆ, ಕೂಸಿನ್ನ ತಗೊಂಡು ಓಣಿ ತುದಿತನಕ ಹೋಗಿ ಬರ್ರಿ. ಆಕಿ ಮೈ ತೊಳಕೊಳ್ಳಲಿ, ಒಂದು ತುತ್ತು ಕುಂತು ಉಣ್ಣಲಿ."

"ನಾನು? ಓಣ್ಯಾಗ ಕೂಸು ಹೊತಗೊಂಡು?"

"ಹೌದ್ರಿ, ಕೂಸು ನಿಮ್ಮದ ಅಲ್ಲೇನು?"

ಆ ಕಾಲಕ್ಕೆ ಗಂಡಸರು ಎಳೆಗೂಸು ಎತ್ತಿಕೊಂಡು ರಸ್ತೆಯಲ್ಲಿ ನಡೆಯುತ್ತಿರಲಿಲ್ಲ. ಚಹದ ಅಂಗಡಿಯ ಮುಂದೆ ಕೂತವರು, "ರಾಯರ, ಕೋರ್ಟಿನ್ಯಾಗ ಇದನ್ನ ಕಲಿಸ್ಯಾರೇನು?" ಎಂದು ನಗಾಡಿದರು. ಮರುದಿನ ಯಜಮಾನರು ಹಿಂಜರಿದಾಗ ಆಯಿ ತನ್ನ ಮಗನನ್ನು ಮಗ್ಗದಿಂದ ಎಬ್ಬಿಸಿ ಜೊತೆಗೆ ಕಳಿಸಿದಳು. ಇಬ್ಬರೂ ಗಂಭೀರ ಮುಖ ಮಾಡಿಕೊಂಡು ಕೂಸು ಹೊತ್ತು ಓಣಿ ತುದಿಗೆ ಹೋಗಿ ಬಂದರು. ಸ್ವಲ್ಪ ದಿನಕ್ಕೆ ನಗುವವರಿಗೆ ಬೇಸರವಾಯಿತು. ಯಜಮಾನರಿಗೆ ಮಾತ್ರ ಆ ಹೊತ್ತು ರುಚಿಸತೊಡಗಿತು. ಮಗಳು ಮೊದಲ ಸಲ ದನಿ ತೆಗೆದು ನಕ್ಕದ್ದು ಅವರ ಹೆಗಲ ಮೇಲೆ.

ಡಾಕ್ಟರಬಾಯಾರು ನನ್ನನ್ನು ತುಸು ಹೆಚ್ಚೇ ಹೊತ್ತು ಕೂರಿಸಿಕೊಂಡು ಮಾತಾಡಿಸಿದರು. ರಕ್ತ ಕಡಿಮೆ ಇದೆ ಎಂದು ಔಷಧ ಕೊಟ್ಟರು. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಹೀಗಾಗುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ, ಮತ್ತೆ ಬಂದು ಕಾಣಬೇಕು ಎಂದರು. ನಾನು ಒಂದೇ ವಾರದಲ್ಲಿ ಸರಿಹೋಗಲಿಲ್ಲ. ಬೇಸಿಗೆ ಕಳೆದು ಮಳೆ ಬೀಳುವ ಹೊತ್ತಿಗೆ, ಒಂದು ಮುಂಜಾನೆ ತಲೆ ಬಾಚಿಕೊಳ್ಳುತ್ತ ಹಾಡು ಗುನುಗುತ್ತಿದ್ದೇನೆ ಎಂಬುದು ಗೊತ್ತಾಗಿ ನನಗೇ ಸೋಜಿಗವಾಯಿತು.

ಆ ಮಳೆಗಾಲದಲ್ಲೇ ಎದುರಿನ ಮನೆಯ ಅಪಘಾತ ಆದದ್ದು. ಅಲ್ಲಿ ಗಂಡ ನೇಯುತ್ತಿದ್ದ, ಹೆಂಡತಿ ನೂಲಿಗೆ ಗಂಜಿ ಕುದಿಸಿ, ಕಂಡಕಿ ಸುತ್ತಿ, ರೊಟ್ಟಿ ಬಡಿದು, ಅತ್ತೆಯ ಸೇವೆ ಮಾಡುತ್ತಿದ್ದಳು. ಓಡಾಡುವ ವಯಸ್ಸಿನ ಮಗನಿದ್ದ. ಗಂಜಿಯ ಪಾತ್ರೆ ಇಳಿಸಿ ಆಕೆ ನೂಲು ತರಲು ಒಳಗೆ ಹೋದಳು. ಹುಡುಗ ಪಾತ್ರೆಯ ಕಂಠ ಹಿಡಿದು ಜಗ್ಗಿದ. ಬಿಸಿ ಗಂಜಿ ತೊಡೆಯಿಂದ ಪಾದದ ತನಕ ಬಿತ್ತು.

ಕಿರುಚಾಟ ಕೇಳಿ ಓಣಿಯೆಲ್ಲ ಕೂಡಿತು. ಯಾರೋ ಮಸಿ ಹಚ್ಚಿ ಎಂದರು, ಯಾರೋ ಎಣ್ಣೆ ಎಂದರು. ಆಯಿ ಅವರನ್ನೆಲ್ಲ ಸರಿಸಿ ಹುಡುಗನನ್ನು ಬಚ್ಚಲಿಗೆ ಒಯ್ದು, ತಣ್ಣೀರನ್ನು ಮೆಲ್ಲಗೆ ಕಾಲ ಮೇಲೆ ಸುರಿಯುತ್ತ ಕೂತಳು. ನಾನು ಬಾವಿಯಿಂದ ನೀರು ಸೇದಿ ಸೇದಿ ಕೊಟ್ಟೆ. ಆಯಿಯ ಮಗ ಟಾಂಗಾ ತರಲು ಓಡಿದ. ಹೊರಗೆ ಜನ ಹುಡುಗನ ತಾಯಿಯನ್ನು ಸುತ್ತುವರಿದಿದ್ದರು. "ಎಲ್ಲಿ ಹೋಗಿದ್ದಿ?" ಎಂದು ಅತ್ತೆ. "ಕಣ್ಣು ಎಲ್ಲಿಟ್ಟಿದ್ದಿ?" ಎಂದು ಮತ್ತೊಬ್ಬಳು. ಗಂಡ ಕೈ ಎತ್ತಿದ್ದ. ಹುಡುಗಿಯಂಥ ಆ ತಾಯಿ ಗೋಡೆಗೆ ಒರಗಿ ನಿಂತಿದ್ದಳು, ಕಣ್ಣಲ್ಲಿ ನೀರು ಸಹ ಇರಲಿಲ್ಲ.

ಆಯಿ ಒದ್ದೆ ಅರಿವೆ ಸುತ್ತಿದ ಹುಡುಗನನ್ನು ಎತ್ತಿಕೊಂಡು ಹೊರಗೆ ಬಂದಳು. "ಇವತ್ತು ಆಕಿಗೆ ಯಾರೂ ಏನೂ ಕೇಳಬ್ಯಾಡ್ರಿ" ಎಂದಳು. ದನಿ ಏರಿಸಲಿಲ್ಲ. ಗಂಡನ ಕಡೆ ತಿರುಗಿ, "ತಮ್ಮಾ, ಆ ಕೈ ಇಳಿಸಿ ಟಾಂಗಾದಾಗ ಹತ್ತು. ಕೂಸಿಗೆ ಅಪ್ಪ ಬೇಕಾಗತಾನು" ಎಂದಳು. ತಾಯಿಯನ್ನೂ ಹತ್ತಿಸಿ ತಾನೂ ಹತ್ತಿದಳು. ಹುಡುಗ ಬಹಳ ದಿನ ದವಾಖಾನೆಯಲ್ಲಿದ್ದು ಬದುಕಿ ಬಂದ. ಕಾಲ ಮೇಲೆ ಕಲೆ ಉಳಿಯಿತು, ಆದರೆ ಓಡಲು ಏನೂ ಅಡ್ಡಿಯಾಗಲಿಲ್ಲ.

ಟಾಂಗಾದಲ್ಲಿ ಹೋದ ಆ ದಿನ ತಿರುಗಿ ಬಂದ ಮೇಲೆ ಆಯಿ ನಮ್ಮ ಖೋಲಿಯ ಹೊಸ್ತಿಲ ಮೇಲೆ ಕೂತಳು. ಮೈಯೆಲ್ಲ ಒದ್ದೆ. ಚಹಾ ಕೊಟ್ಟೆ. ಕುಡಿಯುತ್ತ, ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದಳು. ಆಕೆಗೂ ಮೊದಲೊಂದು ಹೆಣ್ಣು ಕೂಸಿತ್ತು. ಗಂಡ ಸೀರೆ ಮಾರಲು ಊರೂರು ತಿರುಗುತ್ತಿದ್ದ. ಇವಳೊಬ್ಬಳೇ ಕೂಸನ್ನು ಬಗಲಲ್ಲಿ ಬಿಟ್ಟುಕೊಂಡು ನೂಲಿಗೆ ಹಾಕುವ ಬಣ್ಣ ಕುದಿಸುತ್ತಿದ್ದಳು. ಸೌದೆ ತರಲು ಹೋಗಿ ಬರುವಷ್ಟರಲ್ಲಿ ಕೂಸು ಬಣ್ಣದ ಹಂಡೆಯಲ್ಲಿ ಬಿದ್ದಿತ್ತು. ಆ ಕೂಸು ಉಳಿಯಲಿಲ್ಲ.

"ಬಂದವರೆಲ್ಲ ನೀ ಎಲ್ಲಿ ಹೋಗಿದ್ದಿ ಅಂತ ಕೇಳಿದ್ರು ತಂಗಿ. ಮಣ್ಣು ಮಾಡಿ ಬಂದ ಮ್ಯಾಲೂ ಕೇಳಿದ್ರು. ನಿನ್ನ ಕೂಡ ಯಾರಿದ್ರು ಅಂತ ಒಬ್ಬರೂ ಕೇಳಲಿಲ್ಲ."

ಆಯಿ ಕಪ್ಪು ತೊಳೆದಿಟ್ಟು ಎದ್ದು ಹೋದಳು. ಆ ಮಾತನ್ನು ಮತ್ತೆ ಎಂದೂ ತೆಗೆಯಲಿಲ್ಲ.

ಮರುವಾರವೇ ಪಾಳಿ ಶುರುವಾಯಿತು. ಆಯಿ ಓಣಿಯ ತಾಯಂದಿರನ್ನು ಪಡಸಾಲೆಗೆ ಕರೆದಳು. ಗಂಜಿ ಕುದಿಸುವಾಗ, ಬಣ್ಣ ಹಾಕುವಾಗ, ಮಗ್ಗಕ್ಕೆ ನೂಲಿನ ಹಾಸು ಹೂಡುವಾಗ ಸಣ್ಣ ಮಕ್ಕಳು ಯಾರ ಮನೆಯಲ್ಲೂ ಇರುವುದು ಬೇಡ, ಎಲ್ಲ ಇಲ್ಲಿರಲಿ. ನಾನಿರುತ್ತೇನೆ, ನನ್ನ ಜೊತೆ ದಿನಕ್ಕೊಬ್ಬರು ತಾಯಂದಿರು ಕೂಡಬೇಕು ಎಂದಳು. ತಕರಾರು ಬಂದವು. ನಮ್ಮ ಮಕ್ಕಳು ಇನ್ನೊಬ್ಬರ ಮನೆಯಲ್ಲಿ ಉಣ್ಣುವುದು ಹೇಗೆ ಎಂದರು ಕೆಲವರು. ನನ್ನಂಥ ಬ್ರಾಹ್ಮಣರ ಮನೆಯವಳು, ನೇಯುವವರು, ಓಣಿಯ ಕೊನೆಯಲ್ಲಿ ಕುರಿ ಸಾಕುತ್ತಿದ್ದ ಬೀರಪ್ಪ ದೇವರ ಒಕ್ಕಲಿನ ಮನೆಯವಳು, ಎಲ್ಲರೂ ಇದ್ದೆವು. "ಅವರವರ ಬಟ್ಟಲು, ಅವರವರ ಬುತ್ತಿ ಅವರವರು ತರ್ರಿ. ಆದರ ಅಳೂ ಕೂಸಿನ್ನ ಯಾರರೆ ಎತಗೋಬೇಕು. ಅದಕ್ಕ ಕುಲಾ ಕೇಳಾಂಗಿಲ್ಲ" ಎಂದಳು ಆಯಿ. ನನ್ನ ಪಾಳಿಯ ಮೊದಲ ದಿನ ಕುರಿಯವರ ಕೂಸು ನನ್ನ ಮಡಿಲಲ್ಲಿ ಉಚ್ಚೆ ಹೊಯ್ದು ಮಲಗಿತು. ಊಟದ ಡಬ್ಬಿಗಳೂ ಬೇಸಿಗೆ ಬರುವಷ್ಟರಲ್ಲಿ ಒಂದಾಗಿದ್ದವು. ಯಾರೂ ತೀರ್ಮಾನ ಮಾಡಿ ಒಂದು ಮಾಡಲಿಲ್ಲ. ಮಕ್ಕಳೇ ಕೈ ಹಾಕಿದವು.

ಪಾಳಿಯ ಹೆಂಗಸರು ಮಕ್ಕಳನ್ನು ನೋಡಿಕೊಳ್ಳುತ್ತ ಮಾತಾಡುತ್ತಿದ್ದರು. ಹಾಲು ಬರದಿರುವುದು, ಗಂಡನ ಕುಡಿತ, ಮತ್ತೆ ಬಸುರಾದ ಅಂಜಿಕೆ, ಎಲ್ಲವೂ ಅಲ್ಲಿ ಬರುತ್ತಿತ್ತು. ಆಯಿ ಹೆಚ್ಚು ಮಾತಾಡುತ್ತಿರಲಿಲ್ಲ. ಯಾರಾದರೂ ಎರಡು ದಿನ ಬರದಿದ್ದರೆ ಮಾತ್ರ ಎದ್ದು ಅವರ ಮನೆಗೆ ಹೋಗುತ್ತಿದ್ದಳು. ಎದುರಿನ ಮನೆಯ ಆ ಹುಡುಗಿ ಬಹಳ ದಿನ ಯಾರೊಡನೆಯೂ ಮಾತಾಡದೆ ಮೂಲೆಯಲ್ಲಿ ಕೂತಿರುತ್ತಿದ್ದಳು. ಒಂದು ದಿನ ಆಯಿ ತಾನು ಎತ್ತಿಕೊಂಡಿದ್ದ ಕೂಸನ್ನು ಆಕೆಯ ಕೈಗೆ ಕೊಟ್ಟು, "ಇದನ್ನ ಸ್ವಲ್ಪ ಹಿಡಿಯವ್ವಾ, ನಾ ನೀರು ಕುಡದು ಬರ್ತೇನಿ" ಎಂದಳು. ಬೇರೆಯವರು ತಮ್ಮ ಕೂಸನ್ನು ಆಕೆಯ ಕೈಗೆ ಕೊಡಲು ಹೆದರುತ್ತಿದ್ದ ದಿನಗಳು ಅವು. ಆ ಕೂಸಿನ ತಾಯಿ ಅಲ್ಲೇ ಕೂತಿದ್ದಳು. ತಡೆಯಲಿಲ್ಲ. ಹುಡುಗಿ ಕೂಸನ್ನು ಎದೆಗೆ ಅವಚಿಕೊಂಡು, ಆಯಿ ಬರುವ ತನಕ ಕಣ್ಣು ಮಿಟುಕಿಸದೆ ಕೂತಳು. ಆಮೇಲೆ ತಾನೂ ಪಾಳಿಗೆ ನಿಂತಳು. ಅವಳಷ್ಟು ಜೋಪಾನ ಮಾಡುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಯಜಮಾನರಿಗೆ ಬಾಗಲಕೋಟೆಗೆ ವರ್ಗವಾಯಿತು. ಅಲ್ಲಿ ಮಗ ಹುಟ್ಟಿದ. ಆ ಸಲ ನನಗೆ ಮೊದಲಿನಂತೆ ಆಗಲಿಲ್ಲ. ಆಗುವ ಲಕ್ಷಣ ಕಂಡ ದಿನವೇ ನಾನು ಪಕ್ಕದ ಮನೆಯವರನ್ನು ಕರೆದೆ, ಡಾಕ್ಟರರನ್ನು ಕಂಡೆ, ಯಜಮಾನರೂ ರಜೆ ಹಾಕಿ ಮನೆಯಲ್ಲಿದ್ದರು. ಆಯಿ ಒಮ್ಮೆ ಹತ್ತಿರದ ಶಿರೂರಿಗೆ ಮಗಳ ಮನೆಗೆ ಬಂದವಳು ನಮ್ಮಲ್ಲಿಗೂ ಬಂದು ಎರಡು ದಿನ ಇದ್ದು ಹೋದಳು. ಹೋಗುವಾಗ ನನ್ನನ್ನು ನೋಡಿ, "ಮೈ ಹಿಡದೀ ತಂಗಿ, ಇನ್ನ ನನಗ ಕಾಳಜಿ ಇಲ್ಲ" ಎಂದಳು.

ಆಮೇಲೆ ಕೆಲವು ವರ್ಷಗಳಿಗೆ ಆಯಿಯ ಮಗ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದ. ಸೀರೆ ಮಾರಲು ಬಂದಾಗಲೆಲ್ಲ ಇರುತ್ತಿದ್ದ ಗಂಟು ಹೆಗಲ ಮೇಲೆ ಇರಲಿಲ್ಲ. ತಲೆ ಬೋಳಿಸಿಕೊಂಡಿದ್ದ. ಅದನ್ನು ನೋಡಿದ ಕೂಡಲೇ ಆಯಿ ಇಲ್ಲ ಎಂದು ತಿಳಿಯಿತು.

"ಹೆಂಗಾತು?" ಎಂದು ಕೇಳಿದೆ.

ಪಾಳಿ ಇನ್ನೂ ನಡೆದಿತ್ತಂತೆ. ಅವತ್ತು ಎದುರಿನ ಮನೆಯವಳ ಸರದಿ. ಮಕ್ಕಳು ಪಡಸಾಲೆಯಲ್ಲಿ ಆಡುತ್ತಿದ್ದವು, ಎರಡು ಮಲಗಿದ್ದವು. ಕಂಬಕ್ಕೆ ಒರಗಿ ಕೂತಿದ್ದ ಆಯಿಗೆ ಎದೆ ಹಿಡಿಯಿತು. ತೊಡೆಯ ಮೇಲಿದ್ದ ಕೂಸನ್ನು ತಾನೇ ಚಾಪೆಯ ಮೇಲೆ ಇಟ್ಟಳು. ಎದುರಿನ ಮನೆಯವಳು ಗಾಬರಿಯಾಗಿ ಆಯಿಯನ್ನು ಹಿಡಿದುಕೊಳ್ಳಲು ಬಂದರೆ, ಬೇಡವೆಂದು ಕೈ ಮಾಡಿದಳು.

"ಏನಂದ್ಲು?" ಎಂದೆ.

"'ಮೊದಲ ಹುಡುಗರನ್ನ ಒಳಗ ಕರಕೊಂಡು ಹೋಗು, ಅಂಜತಾವು' ಅಂದ್ಲಂತ ಅಕ್ಕಾರ. ಆಕಿ ಎಲ್ಲಾ ಮಕ್ಕಳನ್ನೂ ಒಳಗ ಬಿಟ್ಟು, ಬಾಗಲಾ ಮುಂದ ಮಾಡಿ, ತಿರುಗಿ ಬರೂದರಾಗ ಮುಗದಿತ್ತು. ಹುಡುಗರಿಗೆ ಏನೂ ಗೊತ್ತಾಗಲಿಲ್ಲ."

ಅವನಿಗೆ ಊಟಕ್ಕೆ ಬಡಿಸಿದೆ. ಉಂಡು, ಸಂಜೆಯ ಬಸ್ಸಿಗೆ ಹೋದ. ಮಗಳು ಸಾಲೆಯಿಂದ ಬಂದಳು. ಆಗ ಅವಳಿಗೆ ಎರಡು ಜಡೆ ಹಾಕುವಷ್ಟು ಕೂದಲಿತ್ತು, ನನ್ನ ಹೆಗಲಿಗೆ ಬರುತ್ತಿದ್ದಳು. ಯಾಕೆ ಅತ್ತಿದ್ದೀ ಎಂದು ಕೇಳಿದಳು. ಉಣ್ಣಲು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಹುಟ್ಟಿದ ವರ್ಷದ್ದೆಲ್ಲವನ್ನೂ ಹೇಳಿದೆ. ನನಗೆ ಆಗಿದ್ದ ಜಡ್ಡನ್ನೂ ಮುಚ್ಚಿಡಲಿಲ್ಲ. ಅವಳು ಎಲ್ಲ ಕೇಳಿ, "ಹಂಗಾದರ ನನ್ನ ಇಬ್ಬರು ಬೆಳಸೀರಿ" ಎಂದಳು. ಇಬ್ಬರಲ್ಲ, ಒಂದು ಓಣಿಯೇ ಬೆಳೆಸಿದೆ, ಅದನ್ನು ಕೂಡಿಸಿದವಳು ಆಯಿ ಎಂದೆ. ಮಗಳು ಬದುಕಿ ಬೆಳೆದದ್ದಕ್ಕೆ ನಾನೊಬ್ಬಳೇ ಕಾರಣ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನಾನು ಬದುಕಿ ಅವಳಿಗೆ ತಾಯಿಯಾದದ್ದಕ್ಕೂ ಅಷ್ಟೇ.